ಕನ್ವಿಕ್ಟ್ ಕಂಡೀಷನಿಂಗ್, ರೆಕಮೆಂಡೆಡ್ ರೂಟೀನ್: ಎರಡೂ ಒಟ್ಟಿಗೆ ಮಾಡ್ಬೋದಾ? ಒಂದು ಉದ್ದದ ರಿವ್ಯೂ

ಪೂರ್ತಿ ಓದೋಕೆ ಟೈಮ್ ಇಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ಇವೆರಡೂ ಮೈತೂಕದಲ್ಲೇ ಮಾಡೋ ವ್ಯಾಯಾಮದ ಪ್ರೋಗ್ರಾಮ್, ಎರಡನ್ನೂ ಇದ್ದಿದ್ದು ಇದ್ದ ಹಾಗೇ ಒಂದರ ಮೇಲೊಂದು ಪೇರಿಸ್ಬೇಡಿ. ಒಂದನ್ನ ಪೂರ್ತಿ ಫಾಲೋ ಮಾಡಿ, ಅದ್ರಲ್ಲಿ ಏನು ಇಲ್ವೋ ಅಷ್ಟನ್ನ ಮಾತ್ರ ಇನ್ನೊಂದರಿಂದ ಎತ್ಕೊಳ್ಳಿ. ಯಾಕೆ, ಏನು ಎತ್ಕೋಬೇಕು, ಏನು ಬಿಡಬೇಕು ಅನ್ನೋದು ಬೇಕಿದ್ರೆ ಮುಂದೆ ಓದಿ, ಸ್ವಲ್ಪ ಉದ್ದ ಇದೆ.

ನಾನು ಎರಡನ್ನೂ ಬೇರೆ ಬೇರೆಯಾಗಿ ಸಾಕಷ್ಟು ದಿನ ಮಾಡಿದೀನಿ, ಆಮೇಲೆ ಬೆರೆಸಿಯೂ ಮಾಡ್ತಾ ಇದೀನಿ, ಹಾಗಾಗಿ ಎರಡರ ಬಗ್ಗೆನೂ ಸ್ವಲ್ಪ ಹೇಳಿ ಆಮೇಲೆ ಜೋಡಿಸೋ ವಿಷಯಕ್ಕೆ ಬರ್ತೀನಿ.

ಕನ್ವಿಕ್ಟ್ ಕಂಡೀಷನಿಂಗ್, ಇನ್ಮುಂದೆ ಸಿಸಿ ಅಂತೀನಿ, ಇದು ಪುಸ್ತಕ. ಜೈಲಿನ ಕಥೆ ಗಿಥೆ ಎಲ್ಲಾ ಇದೆ ಅದನ್ನ ಬಿಡಿ, ನಂಬೋರು ನಂಬ್ಲಿ. ಒಳಗಿರೋ ಸರಕು ಇಷ್ಟು: ಆರು ವ್ಯಾಯಾಮ, ಪುಶಪ್, ಬಸ್ಕಿ, ಪುಲ್‌ಅಪ್, ಲೆಗ್ ರೈಸ್, ಬ್ರಿಡ್ಜ್ (ಬೆನ್ನನ್ನ ಹಿಂದಕ್ಕೆ ಕಮಾನಿನ ಹಾಗೆ ಬಾಗಿಸೋದು), ಹ್ಯಾಂಡ್‌ಸ್ಟ್ಯಾಂಡ್ ಪುಶಪ್ (ತಲೆಕೆಳಗಾಗಿ ಕೈ ಮೇಲೆ ನಿಂತು ಮಾಡೋದು). ಒಂದೊಂದಕ್ಕೂ ಹತ್ತು ಮೆಟ್ಟಿಲು. ಪುಶಪ್ ಅಂದ್ರೆ ಮೊದಲನೇ ಮೆಟ್ಟಿಲಲ್ಲಿ ಗೋಡೆಗೆ ಕೈ ಕೊಟ್ಟು ನಿಂತ್ಕೊಂಡೇ ಮಾಡೋದು, ಹತ್ತನೇ ಮೆಟ್ಟಿಲಲ್ಲಿ ಒಂದೇ ಕೈಯಲ್ಲಿ ಮಾಡೋದು. ಪ್ರತಿ ಮೆಟ್ಟಿಲಿಗೂ ಇಷ್ಟು ರೆಪ್ (ಒಂದ್ಸಲ ಮಾಡಿದ್ರೆ ಒಂದು ರೆಪ್) ಇಷ್ಟು ಸೆಟ್ (ನಿಲ್ಲಿಸದೇ ಮಾಡೋ ರೆಪ್‌ಗಳ ಒಂದು ಸುತ್ತು) ಆದ್ಮೇಲೇ ಮುಂದಕ್ಕೆ ಹೋಗು ಅಂತ ಒಂದು ಗುರಿ ಇದೆ. ಗೋಡೆ ಪುಶಪ್ ಆದ್ರೆ 50ರ ಮೂರು ಸೆಟ್, ಮಾಮೂಲಿ ಪೂರ್ತಿ ಪುಶಪ್ ಆದ್ರೆ 20ರ ಎರಡು ಸೆಟ್. ಅದೂ ದಬದಬ ಅಂತ ಮಾಡೋ ಹಾಗಿಲ್ಲ, ಎರಡು ಸೆಕೆಂಡ್ ಕೆಳಗೆ, ಒಂದು ಸೆಕೆಂಡ್ ನಿಲ್ಲಿಸೋದು, ಎರಡು ಸೆಕೆಂಡ್ ಮೇಲೆ. ಲೆಕ್ಕ ಹಾಕಿ ನೋಡಿ, ಗೋಡೆ ಪುಶಪ್‌ನ ಒಂದು ಸೆಟ್‌ಗೇ ನಾಲ್ಕು ನಿಮಿಷದ ಮೇಲೆ ಆಗುತ್ತೆ. ಗೋಡೆಯಲ್ಲಿ ಎಲ್ಲೆಲ್ಲಿ ಬಣ್ಣ ಎದ್ದಿದೆ ಅಂತ ಬಾಯಿಪಾಠ ಆಗೋಗುತ್ತೆ.

ರೆಕಮೆಂಡೆಡ್ ರೂಟೀನ್, ಇದನ್ನ ಆರ್‌ಆರ್ ಅನ್ನೋಣ, ನೆಟ್‌ನಲ್ಲಿ ಫ್ರೀಯಾಗೇ ಸಿಗುತ್ತೆ. ವಾರಕ್ಕೆ ಮೂರು ದಿನ, ಮಧ್ಯ ಒಂದೊಂದು ದಿನ ಗ್ಯಾಪ್, ಪ್ರತಿ ದಿನನೂ ಇಡೀ ಮೈಗೆ. ವಾರ್ಮಪ್ ಆದ್ಮೇಲೆ ಜೋಡಿ ಜೋಡಿಯಾಗಿ ಮಾಡೋದು: ಪುಲ್‌ಅಪ್ ಜೊತೆ ಬಸ್ಕಿ, ಡಿಪ್ಸ್ (ಎರಡು ಬಾರ್ ಮಧ್ಯೆ ಕೈ ಊರಿ ಮೈ ಇಳಿಸಿ ಎತ್ತೋದು) ಜೊತೆ ಸೊಂಟದಿಂದ ಬಾಗೋ ಹಿಂಜ್ ವ್ಯಾಯಾಮ, ರೋ (ಬಾರ್ ಕೆಳಗೆ ಮೈ ಓರೆಯಾಗಿಟ್ಟು ಎದೆ ಕಡೆ ಎಳೆಯೋದು) ಜೊತೆ ಪುಶಪ್. ಒಂದೊಂದೂ ಮೂರು ಸೆಟ್, ಸೆಟ್‌ಗೆ 5ರಿಂದ 8 ರೆಪ್, ಮಧ್ಯೆ 90 ಸೆಕೆಂಡ್ ರೆಸ್ಟ್. ಕೊನೆಗೆ ಹೊಟ್ಟೆ ಮತ್ತು ಬೆನ್ನಿಗೆ ಮೂರು ವ್ಯಾಯಾಮದ ಒಂದು ಗುಂಪು. ಮೂರು ಸೆಟ್‌ನಲ್ಲೂ 8 ಬಂತಾ, ಮುಂದಿನ ಕಷ್ಟದ ವ್ಯಾಯಾಮಕ್ಕೆ ಹೋಗಿ ಮತ್ತೆ 5ರಿಂದ ಶುರು ಮಾಡು. ಅಷ್ಟೇ ರೂಲ್. ಟೈಮ್ ಮಾತ್ರ ತಿನ್ನುತ್ತೆ, ವಾರ್ಮಪ್ ಸೇರಿಸಿದ್ರೆ ಒಂದು ಗಂಟೆ ಆರಾಮಾಗಿ ಹೋಗುತ್ತೆ, ಫೋನ್ ಕೈಗೆತ್ಕೊಂಡ್ರೆ ಇನ್ನೂ ಜಾಸ್ತಿ.

ಬೇರೆ ಬೇರೆಯಾಗಿ ನೋಡಿದ್ರೆ ಎರಡೂ ಒಳ್ಳೇವೇ. ನನ್ನ ಕೇಳಿದ್ರೆ ಆರ್‌ಆರ್‌ಗೆ ಐದಕ್ಕೆ ನಾಲ್ಕೂವರೆ, ಸಿಸಿಗೆ ಮೂರೂವರೆ. ಸಿಸಿಗೆ ಒಂದು ಕಮ್ಮಿ ಮಾಡಿದ್ದು ಮೇಲಿನ ಮೆಟ್ಟಿಲುಗಳಿಗೆ. ಕೆಳಗಿನ ನಾಲ್ಕೈದು ಮೆಟ್ಟಿಲು ಬಹಳ ಚೆನ್ನಾಗಿದೆ, ತುಂಬಾ ವರ್ಷ ಏನೂ ಮಾಡದೇ ಇದ್ದೋರು, ತೂಕ ಜಾಸ್ತಿ ಇರೋರು, ಭುಜ ಗಿಜ ಏಟಾಗಿ ವಾಪಸ್ ಬರ್ತಾ ಇರೋರು, ಇವ್ರಿಗೆಲ್ಲ ಅದಕ್ಕಿಂತ ಮೆತ್ತಗಿನ ಶುರು ಸಿಗೋದು ಕಷ್ಟ. ಆದ್ರೆ ಮೇಲಕ್ಕೆ ಹೋದ ಹಾಗೆ ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ. ಬ್ಯಾಸ್ಕೆಟ್‌ಬಾಲ್ ಮೇಲೆ ಒಂದು ಕೈ ಇಟ್ಟು ಪುಶಪ್ ಮಾಡೋ ಮೆಟ್ಟಿಲು ಹೇಗೋ ದಾಟ್ಬೋದು, ಅಲ್ಲಿಂದ ನಿಜವಾದ ಒಂದು ಕೈ ಪುಶಪ್‌ಗೆ ಇರೋ ದೂರ ಮಾತ್ರ ಸಿಕ್ಕಾಪಟ್ಟೆ. ಕೊನೇ ಗುರಿ ಏನು ಅಂತೀರಾ, ಒಂದು ಕೈಯಲ್ಲಿ 100 ರೆಪ್! ಅದನ್ನ ಮಾಡಿರೋ ಮನುಷ್ಯನ್ನ ನಾನಂತೂ ಕಣ್ಣಾರೆ ನೋಡಿಲ್ಲ.

ಸರಿ, ಈಗ ಜೋಡಿಸೋ ಪ್ರಶ್ನೆ. ಜನ ಕೇಳೋದು ಹೇಗೆ ಅಂದ್ರೆ, ಆರ್‌ಆರ್ ಸೋಮವಾರ ಬುಧವಾರ ಶುಕ್ರವಾರ, ಮಿಕ್ಕ ದಿನ ಸುಮ್ನೆ ಕೂತಿರೋ ಬದ್ಲು ಮಂಗಳವಾರ ಗುರುವಾರ ಶನಿವಾರ ಸಿಸಿ ಮಾಡಿದ್ರೆ ಡಬಲ್ ಲಾಭ ಅಲ್ವಾ ಅಂತ. ಕ್ಯಾಲೆಂಡರ್‌ನಲ್ಲಿ ಬರೆದ್ರೆ ಬಹಳ ಚೆಂದ ಕಾಣುತ್ತೆ ನಿಜ. ಆದ್ರೆ ಕೈಗೆ ಏನಾಗುತ್ತೆ ನೋಡೋಣ.

ಸಿಸಿನಲ್ಲಿ ಮೂರು ದಿನದ ಒಂದು ಪ್ಲಾನ್ ಇದೆ, ಒಂದು ದಿನ ಪುಶಪ್ ಮತ್ತು ಲೆಗ್ ರೈಸ್, ಇನ್ನೊಂದು ದಿನ ಪುಲ್‌ಅಪ್ ಮತ್ತು ಬಸ್ಕಿ, ಮತ್ತೊಂದು ದಿನ ಹ್ಯಾಂಡ್‌ಸ್ಟ್ಯಾಂಡ್ ಪುಶಪ್ ಮತ್ತು ಬ್ರಿಡ್ಜ್. ಅದನ್ನೇ ಹಾಕಿದ್ವಿ ಅಂತ ಇಟ್ಕೊಳ್ಳಿ. ಸೋಮವಾರ ಆರ್‌ಆರ್‌ನ ಡಿಪ್ಸ್ ಮತ್ತು ಪುಶಪ್. ಮಂಗಳವಾರ ಸಿಸಿ ಪುಶಪ್. ಬುಧವಾರ ಮತ್ತೆ ಡಿಪ್ಸ್ ಮತ್ತು ಪುಶಪ್. ಗುರುವಾರ ಪುಲ್‌ಅಪ್, ಆದ್ರೆ ಬುಧವಾರನೂ ಪುಲ್‌ಅಪ್ ಆಗಿದೆ, ಶುಕ್ರವಾರನೂ ಇದೆ. ಶುಕ್ರವಾರ ಮತ್ತೆ ಡಿಪ್ಸ್ ಪುಶಪ್, ಶನಿವಾರ ಹ್ಯಾಂಡ್‌ಸ್ಟ್ಯಾಂಡ್ ಪುಶಪ್. ಅಂದ್ರೆ ವಾರದಲ್ಲಿ ಐದು ದಿನ ಅದೇ ಭುಜ ಅದೇ ಟ್ರೈಸೆಪ್ಸ್ ತಳ್ಳೋ ಕೆಲಸ ಮಾಡ್ತಾ ಇದೆ, ಎಳೆಯೋ ಕೆಲಸ ಮೂರು ದಿನ ಬೆನ್ನು ಬೆನ್ನಿಗೆ. ಆರ್‌ಆರ್‌ನಲ್ಲಿ ಮಧ್ಯ ಒಂದು ದಿನ ಗ್ಯಾಪ್ ಇಟ್ಟಿದ್ದು ಸುಮ್ನೆ ಖಾಲಿ ಜಾಗ ಅಂತ ಅನ್ಕೊಂಡು ಅಲ್ಲೇ ಇನ್ನೊಂದನ್ನ ತುಂಬಿದ್ವಿ, ಆ ಗ್ಯಾಪ್ ಕೂಡ ಪ್ರೋಗ್ರಾಮಿನ ಭಾಗನೇ ಆಗಿತ್ತು.

ಸೆಟ್ ಲೆಕ್ಕನೂ ಹಾಕಿ. ಆರ್‌ಆರ್‌ನಲ್ಲಿ ತಳ್ಳೋದು ದಿನಕ್ಕೆ 6 ಸೆಟ್, ವಾರಕ್ಕೆ 18. ಎಳೆಯೋದೂ ಪುಲ್‌ಅಪ್ ಮತ್ತು ರೋ ಸೇರಿ 18. ಒಂದೊಂದು ಸ್ನಾಯು ಗುಂಪಿಗೆ ವಾರಕ್ಕೆ 10ರಿಂದ 20 ಸೆಟ್ ಅನ್ನೋದು ಕೋಚ್‌ಗಳು ಸಾಮಾನ್ಯವಾಗಿ ಹೇಳೋ ರೇಂಜ್, ಅದ್ರಲ್ಲಿ ಆರ್‌ಆರ್ ಈಗಾಗ್ಲೇ ಮೇಲಿನ ತುದಿ ಹತ್ರ ನಿಂತಿದೆ. ಸಿಸಿದು ಎರಡೆರಡು ಸೆಟ್ ಅಂದ್ರೂ ತಳ್ಳೋದು 22 ಆಯ್ತು, ಎಳೆಯೋದು 20 ಆಯ್ತು. ಸಂಖ್ಯೆಯಲ್ಲಿ ಏರಿದ್ದು ಚೂರೇ, ಸತ್ಯ. ಆದ್ರೆ ಆ ನಾಲ್ಕು ಸೆಟ್ ಸಲುವಾಗಿ ರೆಸ್ಟ್ ದಿನ ಎಲ್ಲಾ ಹೋಯ್ತು. ನನಗೆ ಈ ವ್ಯಾಪಾರ ಲಾಭದ್ದು ಅನ್ಸಲ್ಲ. ಕಾಲಿಗೆ ಬೇಕಾದ್ರೆ ಅಂಥ ತೊಂದ್ರೆ ಇಲ್ಲ, ಬಸ್ಕಿ 9 ಸೆಟ್ ಇದ್ದಿದ್ದು 11 ಆಗುತ್ತೆ, ಕಾಲು ತಡ್ಕೊಳುತ್ತೆ.

ತಡ್ಕೊಳದೇ ಇರೋದು ಮೊಣಕೈ. ಇದನ್ನ ಸ್ವಲ್ಪ ನಿಧಾನವಾಗಿ ಓದಿ ದಯವಿಟ್ಟು, ಯಾಕಂದ್ರೆ ಬಾಡಿವೇಟ್ ಮಾಡೋರಲ್ಲಿ ಜಿಮ್‌ನವ್ರಿಗಿಂತ ಗಾಯ ಕಮ್ಮಿ ಅಂತ ಒಂದು ನಂಬಿಕೆ ಓಡಾಡ್ತಾ ಇದೆ. ಸ್ನಾಯು ಬೇಗ ಒಗ್ಗಿಕೊಳುತ್ತೆ, ಅದನ್ನ ಮೂಳೆಗೆ ಕಟ್ಟಿರೋ ಟೆಂಡನ್ ಒಗ್ಗೋದು ಬಹಳ ನಿಧಾನ, ಅದಕ್ಕೆ ರಕ್ತ ಹರಿಯೋದೇ ಕಮ್ಮಿ. ಪುಲ್‌ಅಪ್ ಏಕ್‌ದಂ ಜಾಸ್ತಿ ಮಾಡಿದೋರಿಗೆ ಮೊಣಕೈ ಒಳಬದಿಯ ಮೂಳೆ ಹತ್ರ ನೋವು ಶುರುವಾಗೋದು, ಬಾಗಿಲ ಹಿಡಿ ತಿರುಗಿಸೋಕೂ ಕಷ್ಟ ಆಗೋದು, ಇದೇ ಕಥೆ. ಗಾಲ್ಫರ್ಸ್ ಎಲ್ಬೋ ಅಂತಾರೆ, ಜನ್ಮದಲ್ಲಿ ಗಾಲ್ಫ್ ಕೋಲು ಮುಟ್ಟದೇ ಇರೋರಿಗೂ ಬರುತ್ತೆ. ಒಂದ್ಸಲ ಬಂದ್ರೆ ತಿಂಗಳುಗಟ್ಟಲೆ ಎಳೆಯುತ್ತೆ. ಮೋಸ ಏನಂದ್ರೆ ಮೊದಲ ಕೆಲವು ವಾರ ಎಲ್ಲಾ ಚೆನ್ನಾಗೇ ಇರುತ್ತೆ, ರೆಪ್ ಏರ್ತಾ ಇರುತ್ತೆ, ನೋಡಿದ್ರಾ ನನಗೇನೂ ಆಗ್ಲಿಲ್ಲ ಅಂತ ಅನ್ಸೋ ಹೊತ್ತಿಗೇ ಅದು ಬರೋದು. ಹಾಗೆ ನೋವು ಶುರುವಾದ್ರೆ ನಿಲ್ಲಿಸಿ, ಹೋಗ್ಲಿಲ್ಲ ಅಂದ್ರೆ ಫಿಸಿಯೋ ಹತ್ರ ತೋರಿಸಿ, ವಿಡಿಯೋ ನೋಡಿ ಅದರ ಮೇಲೇ ಇನ್ನೂ ವ್ಯಾಯಾಮ ಮಾಡೋಕೆ ಹೋಗ್ಬೇಡಿ.

ಆದ್ರೆ ಸುಸ್ತು, ನೋವು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಇದರ ಬಗ್ಗೆ ಯಾರೂ ಅಷ್ಟು ಮಾತಾಡಲ್ಲ. ಎರಡು ಪ್ರೋಗ್ರಾಮಿನ ಮುಂದಕ್ಕೆ ಹೋಗೋ ರೂಲ್ ಒಂದಕ್ಕೊಂದು ಉಲ್ಟಾ. ನೀವು ಪೂರ್ತಿ ಪುಶಪ್ 8ರ ಮೂರು ಸೆಟ್ ಮಾಡಿದ್ರಿ ಅನ್ನಿ. ಆರ್‌ಆರ್ ಹೇಳುತ್ತೆ, ಆಯ್ತು ಸಾಕು, ಕೈ ಹತ್ರ ತಂದು ಡೈಮಂಡ್ ಪುಶಪ್ ಶುರು ಮಾಡು. ಸಿಸಿ ಹೇಳುತ್ತೆ, ಎಲ್ಲಿಗೋಗ್ತೀಯಾ ನಿಂತ್ಕೋ, 20ರ ಎರಡು ಸೆಟ್ ಆಗ್ಲಿ ಆಮೇಲೆ ನೋಡೋಣ. ಒಂದು ಬೇಗ ಕಷ್ಟದ್ದಕ್ಕೆ ತಳ್ಳುತ್ತೆ, ಇನ್ನೊಂದು ಇದ್ದಲ್ಲೇ ಬೇರು ಬಿಡು ಅನ್ನುತ್ತೆ. ಎರಡಕ್ಕೂ ಅದರದ್ದೇ ಲಾಜಿಕ್ ಇದೆ, ಎರಡೂ ಕೆಲಸ ಮಾಡುತ್ತೆ, ಆದ್ರೆ ಒಂದೇ ಪುಶಪ್‌ಗೆ ಒಂದೇ ವಾರದಲ್ಲಿ ಎರಡನ್ನೂ ಪಾಲಿಸೋಕೆ ಆಗಲ್ಲ. ಒಂದೇ ಅಂಗಿಗೆ ಇಬ್ರು ಟೈಲರ್ ಬೇರೆ ಬೇರೆ ಅಳತೆ ತಗೊಂಡು ಹೊಲಿದ ಹಾಗಾಗುತ್ತೆ. ಕೊನೆಗೆ ಜನ ಏನು ಮಾಡ್ತಾರೆ ಅಂದ್ರೆ, ಇವತ್ತು ಮೂಡ್ ಹೇಗಿದೆಯೋ ಆ ರೂಲ್ ಹಿಡ್ಕೊಳ್ತಾರೆ, ಜೋಶ್ ಇದ್ರೆ ಡೈಮಂಡ್, ಇಲ್ಲಾಂದ್ರೆ ಹಳೇದೇ. ಅಲ್ಲಿಗೆ ಎರಡು ಪ್ರೋಗ್ರಾಮೂ ಹೋಯ್ತು, ಮಿಕ್ಕಿದ್ದು ಬರೀ ಎಕ್ಸರ್ಸೈಸ್.

ಇನ್ನೊಂದು ಅಂದ್ರೆ ನೋಟ್‌ಬುಕ್ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಬರೀ ಆರ್‌ಆರ್ ಮಾಡ್ತಾ ಇದ್ದು ಎರಡು ಸೆಷನ್‌ನಿಂದ ಡಿಪ್ಸ್ ರೆಪ್ ಇಳಿದ್ರೆ ಕಾರಣ ಹುಡುಕೋದು ಸುಲಭ, ನಿದ್ದೆ ಕಮ್ಮಿ ಆಗಿದೆ ಅಥ್ವಾ ಒಂದು ಮೆಟ್ಟಿಲು ಬೇಗ ಹತ್ತಿದೀನಿ. ಎರಡೂ ಮಾಡ್ತಾ ಇದ್ರೆ? ನಿನ್ನೆಯ ಸಿಸಿ ಪುಶಪ್‌ನಿಂದಾನಾ, ಶನಿವಾರದ ಹ್ಯಾಂಡ್‌ಸ್ಟ್ಯಾಂಡ್‌ನಿಂದಾನಾ, ನಿಜವಾಗ್ಲೂ ಶಕ್ತಿ ಕುಂದಿದೆಯಾ, ಏನನ್ನ ಕಮ್ಮಿ ಮಾಡ್ಬೇಕು, ಗೊತ್ತಾಗಲ್ಲ. ಏರಿದ್ರೂ ಯಾವುದರಿಂದ ಏರ್ತು ಗೊತ್ತಾಗಲ್ಲ.

ಹಾಗಂತ ಬೆರೆಸಲೇಬಾರದು ಅಂತ ನಾನು ಹೇಳಲ್ಲ, ಪ್ರೋಗ್ರಾಮ್ ಬರೆದೋರು ಹೇಳಿದ್ದು ಬಿಟ್ಟು ಒಂದು ಅಕ್ಷರ ಬದಲಾಯಿಸ್ಬಾರ್ದು ಅನ್ನೋ ಮಡಿವಂತಿಕೆ ನನಗಿಲ್ಲ. ಯಾಕಂದ್ರೆ ಎರಡರಲ್ಲೂ ತೂತು ಇದೆ, ಮತ್ತೆ ತಮಾಷೆ ಏನಂದ್ರೆ ಒಂದರ ತೂತಿಗೆ ಇನ್ನೊಂದರಲ್ಲಿ ತೇಪೆ ಇದೆ.

ಸಿಸಿಯ ತೂತು: ತಳ್ಳೋ ವ್ಯಾಯಾಮ ಎರಡು, ಪುಶಪ್ ಮತ್ತು ಹ್ಯಾಂಡ್‌ಸ್ಟ್ಯಾಂಡ್ ಪುಶಪ್, ಎಳೆಯೋದು ಪುಲ್‌ಅಪ್ ಒಂದೇ. ಅಡ್ಡಡ್ಡ ಎಳೆಯೋದು, ಅಂದ್ರೆ ರೋ ಥರದ್ದು, ಪುಲ್‌ಅಪ್ ಸರಣಿಯ ಎರಡನೇ ಮೆಟ್ಟಿಲಲ್ಲಿ ಒಂದು ಬಂದು ಹೋಗುತ್ತೆ, ಅದನ್ನ ದಾಟಿದ್ಮೇಲೆ ಮತ್ತೆ ನೆನಪೇ ಇಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಭುಜ ಮುಂದಕ್ಕೆ ಬಾಗಿಸಿ ಕೂರೋರಿಗೆ ಬೇಕಾಗಿರೋದೇ ಅದು. ತೊಡೆ ಹಿಂಭಾಗಕ್ಕೆ ನೇರವಾಗಿ ಕೆಲಸ ಕೊಡೋ ಹಿಂಜ್ ಕೂಡ ಇಲ್ಲ.

ಆರ್‌ಆರ್‌ನ ತೂತು: ಬ್ರಿಡ್ಜ್ ಇಲ್ಲ. ಕೊನೇ ಗುಂಪಿನಲ್ಲಿ ಬೆನ್ನಿಗೆ ಒಂದು ವ್ಯಾಯಾಮ ಇದೆ, ರಿವರ್ಸ್ ಹೈಪರ್ ಎಕ್ಸ್‌ಟೆನ್ಷನ್, ಆದ್ರೆ ಬ್ರಿಡ್ಜ್ ಮಾಡಿದಾಗ ಎದೆ, ಭುಜ, ಸೊಂಟದ ಮುಂಭಾಗ ಎಲ್ಲಾ ತೆರೆದುಕೊಳ್ಳೋ ಥರ ಅದ್ರಲ್ಲಿ ಆಗಲ್ಲ. ತಲೆ ಮೇಲಕ್ಕೆ ತಳ್ಳೋ ಶಕ್ತಿಯ ವ್ಯಾಯಾಮನೂ ಮುಖ್ಯ ಪಟ್ಟಿಯಲ್ಲಿಲ್ಲ.

ಹಾಗಾಗಿ ನಾನು ಈಗ ಮಾಡೋದು ಹೀಗೆ. ಆರ್‌ಆರ್ ಮೂರು ದಿನ, ಅದರ ರೂಲ್, ಅದರ ರೆಸ್ಟ್, ಅದರ ರೆಪ್. ಕೊನೇ ಗುಂಪಿನಲ್ಲಿ ಬೆನ್ನಿನ ವ್ಯಾಯಾಮ ತೆಗೆದು ಅದೇ ಜಾಗದಲ್ಲಿ ಸಿಸಿಯ ಬ್ರಿಡ್ಜ್ ಸರಣಿ ಹಾಕಿದೀನಿ, ಮೊದಲನೇ ಮೆಟ್ಟಿಲಿಂದ, ಅಂದ್ರೆ ಮಲಗಿ ಮಂಡಿ ಮಡಚಿ ಸೊಂಟ ಎತ್ತೋದ್ರಿಂದ. ಅದು ಬಹಳ ಸುಲಭ ಅಂತ ಅನ್ನಿಸ್ಬೋದು, ನೇರ ಪೂರ್ತಿ ಬ್ರಿಡ್ಜ್‌ಗೆ ಹಾರ್ಬೇಡಿ, ಮಣಿಕಟ್ಟು ಮತ್ತು ಭುಜ ಬಗ್ಗದೇ ಇದ್ರೆ ಆ ಬಾಗೆಲ್ಲ ಸೊಂಟದ ಒಂದೇ ಜಾಗಕ್ಕೆ ಬೀಳುತ್ತೆ. ಬ್ರಿಡ್ಜ್‌ಗೆ ಮಾತ್ರ ಸಿಸಿಯ ರೆಪ್ ಗುರಿ ಇಟ್ಕೊಂಡಿದೀನಿ, ಆರ್‌ಆರ್‌ನಲ್ಲಿ ಅದಕ್ಕೆ ರೂಲೇ ಇಲ್ಲವಾದ್ರಿಂದ ಜಗಳನೂ ಇಲ್ಲ. ಇನ್ನೊಂದು, ವಾರ್ಮಪ್ ಆದ್ಮೇಲೆ ಐದು ನಿಮಿಷ ಗೋಡೆಗೆ ಹೊಟ್ಟೆ ಮಾಡಿ ಹ್ಯಾಂಡ್‌ಸ್ಟ್ಯಾಂಡ್ ನಿಲ್ಲೋದು. ಪುಶಪ್ ಇಲ್ಲ, ಬರೀ ನಿಲ್ಲೋದು, ಕೈ ನಡುಗೋಕೆ ಮುಂಚೆ ಇಳಿಯೋದು. ಅದು ಪ್ರಾಕ್ಟೀಸ್, ವರ್ಕೌಟ್ ಅಲ್ಲ, ಹಾಗಾಗಿ ಮುಂದಿನ ಡಿಪ್ಸ್‌ಗೆ ಹೊಡೆತ ಬೀಳಲ್ಲ. ಈ ಎರಡು ಸೇರಿಸಿದ್ಮೇಲೂ ಸೆಷನ್ ಉದ್ದ ಆಗಿದ್ದು ಹತ್ತು ನಿಮಿಷದ ಒಳಗೇ.

ಟೈಮ್ ಕಮ್ಮಿ ಇರೋರು ಉಲ್ಟಾ ಮಾಡ್ಬೋದು, ಸಿಸಿನ ಬೆನ್ನೆಲುಬು ಮಾಡ್ಕೊಳ್ಳಿ. ಸೆಟ್ ಕಮ್ಮಿ ಇರೋದ್ರಿಂದ ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಪುಶಪ್ ದಿನ ಅದರ ಜೊತೆ ಆರ್‌ಆರ್‌ನ ರೋ ಮೂರು ಸೆಟ್ ಹಾಕಿ, ಬ್ರಿಡ್ಜ್ ದಿನ ಹಿಂಜ್ ಮೂರು ಸೆಟ್ ಹಾಕಿ. ತಳ್ಳೋದು ಎಳೆಯೋದು ಸಮ ಆಯ್ತು, ದಿನ ಜಾಸ್ತಿ ಆಗ್ಲಿಲ್ಲ. ನಿಜ ಹೇಳ್ಬೇಕಂದ್ರೆ ಮಕ್ಕಳು ಮರಿ ಇರೋರಿಗೆ, ಶಿಫ್ಟ್ ಕೆಲಸದೋರಿಗೆ ನಾನು ಇದನ್ನೇ ಮೊದ್ಲು ಹೇಳೋದು, ಒಂದು ಗಂಟೆಯ ಒಳ್ಳೇ ಪ್ರೋಗ್ರಾಮ್ ಅರ್ಧಕ್ಕೆ ಬಿಡೋದಕ್ಕಿಂತ ಇದು ವಾಸಿ.

ಹೊಸದಾಗಿ ಏನೇ ಸೇರಿಸಿದ್ರೂ ಒಂದೇ ಒಂದು ಸೇರಿಸಿ, ಮೂರ್ನಾಲ್ಕು ವಾರ ಹಾಗೇ ಬಿಡಿ, ಹಳೇ ವ್ಯಾಯಾಮದ ರೆಪ್ ಇಳೀತಾ ಇದೆಯಾ ನೋಡಿ. ಸತತ ಎರಡು ಸೆಷನ್ ಇಳಿದ್ರೆ ಹೊಸದನ್ನ ಅರ್ಧ ಮಾಡಿ. ಮತ್ತೆ ಪ್ರತಿ ಸೆಟ್‌ನಲ್ಲೂ ಇನ್ನೊಂದೆರಡು ರೆಪ್ ಆಗ್ತಿತ್ತು ಅನ್ನೋ ಹಾಗೆ ನಿಲ್ಲಿಸಿ, ಎರಡು ಕಡೆಯಿಂದ ವ್ಯಾಯಾಮ ತಗೊಂಡೋರು ಪ್ರತಿ ಸೆಟ್‌ನಲ್ಲೂ ಕೈ ಸೋಲೋ ತನಕ ಹೋದ್ರೆ ಬಾಳಿಕೆ ಬರಲ್ಲ.

ಬೇರೆ ಕಾಂಬಿನೇಷನ್ ಬಗ್ಗೆನೂ ಕೇಳ್ತಾರೆ. 2013ರಲ್ಲಿ ಫೇಮಸ್ ಆದ ಏಳು ನಿಮಿಷದ ವರ್ಕೌಟ್ ಇದೆಯಲ್ಲ, 12 ವ್ಯಾಯಾಮ, ಒಂದೊಂದೂ 30 ಸೆಕೆಂಡ್, ಮಧ್ಯೆ 10 ಸೆಕೆಂಡ್, ಅದನ್ನ ಒಂದ್ಸುತ್ತು ರೆಸ್ಟ್ ದಿನ ಮೆಲ್ಲಗೆ ಮಾಡಿದ್ರೆ ಏನೂ ಆಗಲ್ಲ, ಮೈ ಬಿಸಿ ಆಗುತ್ತೆ ಅಷ್ಟೇ. ಮೂರು ಸುತ್ತು ಏದುಸಿರು ಬಿಟ್ಕೊಂಡು ಮಾಡ್ತೀನಿ ಅಂದ್ರೆ ಅದು ರೆಸ್ಟ್ ಹೇಗಾಗುತ್ತೆ. ಕೆಲವು ವಾರ ಅಭ್ಯಾಸ ಮಾಡಿ ಒಂದೇ ಸಲಕ್ಕೆ ನೂರು ಹೊಡೆಯೋ ನೂರು ಪುಶಪ್ ಚಾಲೆಂಜ್‌ನ ಮಾತ್ರ ಇವೆರಡರ ಯಾವುದರ ಮೇಲೂ ಹಾಕ್ಬೇಡಿ, ಅದು ಇರೋ ತಳ್ಳೋ ಸೆಟ್‌ಗಳ ಮೇಲೇ ಕೂರುತ್ತೆ. ಮಾಡ್ಲೇಬೇಕು ಅನ್ನೋ ಹಠ ಇದ್ರೆ ಅಷ್ಟು ವಾರ ಪ್ರೋಗ್ರಾಮಿನ ಪುಶಪ್ ಮತ್ತು ಡಿಪ್ಸ್ ತೆಗೆದು ಆ ಜಾಗಕ್ಕೆ ಅದನ್ನ ಹಾಕಿ. ದಿನಕ್ಕೆ ಹತ್ತಾರು ಸಲ ಒಂದೇ ವ್ಯಾಯಾಮವನ್ನ ನಿಮ್ಮ ಕೆಪ್ಯಾಸಿಟಿಯ ಅರ್ಧದಷ್ಟೇ ಮಾಡೋ ಗ್ರೀಸಿಂಗ್ ದಿ ಗ್ರೂವ್ ವಿಧಾನಕ್ಕೂ ಇದೇ ಮಾತು, ಪುಲ್‌ಅಪ್ ಏರಿಸೋಕೆ ಅದು ಬಹಳ ಚೆನ್ನಾಗಿದೆ, ಆದ್ರೆ ಆ ದಿನಗಳಲ್ಲಿ ಪ್ರೋಗ್ರಾಮಿನ ಪುಲ್‌ಅಪ್ ಬಿಟ್ಟುಬಿಡಿ.

ಎರಡೂ ಪೂರ್ತಿ ಮಾಡಿ ನೋಡ್ಲೇಬೇಕು ಅನ್ನೋ ಕುತೂಹಲ ಇದ್ರೆ ಒಂದಾದ್ಮೇಲೊಂದು ಮಾಡಿ. ಎರಡು ಮೂರು ತಿಂಗಳು ಸಿಸಿ, ಆಮೇಲೆ ಅಷ್ಟೇ ದಿನ ಆರ್‌ಆರ್. ಹೊಸಬರಿಗೆ ನಾನು ಈ ಆರ್ಡರ್‌ನೇ ಇಷ್ಟಪಡೋದು, ಸಿಸಿಯ ಕೆಳಗಿನ ಮೆಟ್ಟಿಲಲ್ಲಿ ಕೀಲುಗಳಿಗೆ ಅಭ್ಯಾಸ ಆಗಿರುತ್ತೆ, ಆಮೇಲೆ ಆರ್‌ಆರ್ ಬೇಗ ಬೇಗ ಕಷ್ಟ ಏರಿಸಿದ್ರೂ ಮೈ ಕೇಳುತ್ತೆ. ಬದಲಾಯಿಸೋವಾಗ ಮೆಟ್ಟಿಲು ಒಂದಕ್ಕೊಂದು ನೇರ ಹೊಂದಲ್ಲ, ಇದು ಗಮನದಲ್ಲಿರಲಿ. ಆರ್‌ಆರ್‌ನಲ್ಲಿ ಡೈಮಂಡ್ 8 ಬರುತ್ತೆ ಅಂದ ತಕ್ಷಣ ಸಿಸಿನಲ್ಲಿ ಆರನೇ ಮೆಟ್ಟಿಲಿಂದ ಶುರು ಮಾಡ್ತೀನಿ ಅಂದ್ರೆ ಆ ನಿಧಾನದ ಟೆಂಪೋದಲ್ಲಿ 20 ಬರೋದಿಲ್ಲ, ಒಂದು ಮೆಟ್ಟಿಲು ಕೆಳಗಿಂದ ಹೋಗಿ. ಸಿಸಿಯಿಂದ ಈ ಕಡೆ ಬರೋವಾಗ ಮೊದಲ ವಾರ ಸುಲಭ ಅನ್ಸುತ್ತೆ, ಡಿಪ್ಸ್ ಬಂದಾಗ ಗೊತ್ತಾಗುತ್ತೆ, ಆ ಆಳದಲ್ಲಿ ಭುಜಕ್ಕೆ ಸಿಸಿನಲ್ಲಿ ಕೆಲಸವೇ ಬಿದ್ದಿರಲ್ಲ, ಹಾಗಾಗಿ ಬರೀ ಕೈ ನೇರ ಊರಿ ಮೇಲೆ ನಿಲ್ಲೋದ್ರಿಂದ ಶುರು ಮಾಡಿ.

ಸಾಮಾನು ವಿಷಯ ಹೇಳೋದು ಮರ್ತೆ. ಎರಡಕ್ಕೂ ಜೋತು ಬೀಳೋಕೆ ಗಟ್ಟಿ ಬಾರ್ ಒಂದು ಬೇಕೇ ಬೇಕು, ಆರ್‌ಆರ್‌ಗೆ ಡಿಪ್ಸ್ ಮಾಡೋಕೆ ಒಂದು ಜಾಗನೂ ಬೇಕು, ನೇತುಹಾಕೋ ಜಿಮ್ನಾಸ್ಟಿಕ್ ರಿಂಗ್ಸ್ ಇದ್ರೆ ಪುಲ್‌ಅಪ್, ಡಿಪ್ಸ್, ರೋ ಮೂರೂ ಅದ್ರಲ್ಲೇ ಆಗೋಗುತ್ತೆ, ಒಂದೇ ಒಂದು ತಗೊಳ್ಳೋದಾದ್ರೆ ಅದನ್ನೇ ತಗೊಳ್ಳಿ. ಅದೂ ಇಲ್ಲ ಅನ್ನೋರು ರೋ ಮಾತ್ರ ಊಟದ ಟೇಬಲ್ ಕೆಳಗೆ ಮಲಗಿ ಅಂಚು ಹಿಡಿದು ಎಳೆದು ಮಾಡ್ಬೋದು, ಟೇಬಲ್ ಮಗುಚಲ್ವಾ ಅಂತ ಮೊದ್ಲು ಯಾರನ್ನಾದ್ರೂ ಇನ್ನೊಂದು ಕಡೆ ಕೂರಿಸಿ ಚೆಕ್ ಮಾಡ್ಕೊಳ್ಳಿ, ಗಾಜಿನ ಟೇಬಲ್ ಆದ್ರೆ ಆ ಕಡೆ ತಲೆ ಹಾಕಿನೂ ಮಲಗ್ಬೇಡಿ.